ಅವ್ವನ ತುಪ್ಪ, ನನ್ನ ರಕ್ತ

ನನಗೆ ಎದೆನೋವು ಬರಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ದಾರಿಯಲ್ಲಿ ಸಿಕ್ಕವರು "ಎದೆ ಹಿಡ್ಕಂಡು ಬಿದ್ಬುಟ್ರಂತಲ್ಲ ಟೀಚರ್" ಅಂತಲೇ ಮಾತು ಶುರು ಮಾಡುತ್ತಾರೆ. ಬೀಳಲಿಲ್ಲ. ಹೊಳೆನರಸೀಪುರದ ನಮ್ಮ ಹೈಸ್ಕೂಲಿನ ಮಹಡಿ ಹತ್ತುವಾಗ ಎಡಗಡೆ ದವಡೆ ಹಿಂಡಿದ ಹಾಗಾಗುತ್ತಿತ್ತು, ಅಷ್ಟೆ. ಮೇಲೆ ಹೋಗಿ ಗೋಡೆ ಹಿಡಿದು ಒಂದು ಗಳಿಗೆ ನಿಂತರೆ ಹೋಗುತ್ತಿತ್ತು. ಹಲ್ಲು ಹುಳುಕಾಗಿರಬೇಕು ಅಂದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ದೀಪ ಹಿಡಿದು ಬಾಯೆಲ್ಲ ನೋಡಿದರು. "ಮೇಡಂ, ಹಲ್ಲು ಚೆನ್ನಾಗಿದೆ. ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತೆ ಅಂತೀರಿ. ಹಲ್ಲಿಗೆ ಮೆಟ್ಟಿಲು ಗೊತ್ತಾಗಲ್ಲ. ನಾಳೆನೇ ಹಾಸನಕ್ಕೆ ಹೋಗಿ ಇಸಿಜಿ ಮಾಡಿಸಿ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ನಾನು ವಿಜ್ಞಾನ ಕಲಿಸುವವಳು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಜೀವ. ಹಾಸನದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದೆ, ಆಮೇಲೆ ಬಿ.ಎಡ್. ಇದನ್ನು ಜಂಬಕ್ಕೆ ಅಂತಲೇ ಅಂದುಕೊಳ್ಳಿ, ಅಡ್ಡಿಯಿಲ್ಲ. ಜಂಬ ಪಡುವಷ್ಟು ಕಷ್ಟಪಟ್ಟಿದ್ದೇವೆ. ಪಟ್ಟವಳು ನನಗಿಂತ ಹೆಚ್ಚಾಗಿ ನಮ್ಮವ್ವ. ಅರಕಲಗೂಡು ತಾಲ್ಲೂಕಿನಲ್ಲಿ ನಮ್ಮೂರು. ಅಪ್ಪ ಬೇಗ ಹೋದರು. ಅವ್ವ ಎಮ್ಮೆ ಕಟ್ಟಿ, ಬೆಣ್ಣೆ ಕಡೆದು, ಕೆಸುವಿನೆಲೆಯಲ್ಲಿ ಸುತ್ತಿ ಸಂತೆಗೆ ಹೊರುತ್ತಿದ್ದಳು. ಮನೆ ತುಂಬ ಬೆಣ್ಣೆಯ ವಾಸನೆ. ನನ್ನ ಮತ್ತು ತಮ್ಮನ ತಟ್ಟೆಯಲ್ಲಿ ಮಾತ್ರ ಮುದ್ದೆ, ಉಪ್ಸಾರು. ತಮ್ಮ ಒಂದು ಸಲ ಬೆಣ್ಣೆ ಉಂಡೆಗೆ ಬೆರಳು ಅದ್ದಿದ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಅವನ ಬೆರಳನ್ನು ಒರೆಸಿ ಆ ಬೆಣ್ಣೆಯನ್ನೂ ಉಂಡೆಗೇ ಮೆತ್ತಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ನನಗೆ ಕೆಲಸ ಸಿಕ್ಕ ಮೇಲೆ ಅವ್ವ ಬೆಣ್ಣೆ ಮಾರುವುದನ್ನು ನಿಲ್ಲಿಸಿದಳು. ಎಮ್ಮೆಯನ್ನು ಮಾತ್ರ ಬಿಡಲಿಲ್ಲ. ಕಡೆದ ಬೆಣ್ಣೆಯನ್ನೆಲ್ಲ ಕಾಯಿಸಿ, ಸ್ಟೀಲ್ ಡಬ್ಬಿಗೆ ಬಗ್ಗಿಸಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳಬೇಕು. "ತಗಳಿ ಟೀಚರಮ್ಮ. ಈ ಗಮಲಿಗೆ ದಾರಿ ಉದ್ದಕ್ಕೂ ಜನ ಹೊಟ್ಟೆ ಹಸ್ಕಂಡು ಕುಂತಿದ್ರು" ಅಂತ ಕಂಡಕ್ಟರ್ ರೇಗಿಸುತ್ತಿದ್ದ. ಮಕ್ಕಳ ಬಾಯಿಂದ ತಪ್ಪಿಸಿದ್ದನ್ನು ಅವ್ವ ಡಬ್ಬಿ ಡಬ್ಬಿಯಾಗಿ ತಿರುಗಿ ಕೊಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೇಡ ಅನ್ನಲಿಲ್ಲ.

ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ನಾನು ಹೆದರಲಿಲ್ಲ. ಸಿಹಿ ಬಿಟ್ಟೆ. ಕಾಫಿಗೆ ಸಕ್ಕರೆ ಬಿಟ್ಟೆ, ಒಬ್ಬಟ್ಟು ಬಿಟ್ಟೆ, ಮಾವಿನ ಹಣ್ಣಿನ ಕಾಲದಲ್ಲಿ ಹಣ್ಣಿನ ಅಂಗಡಿಯ ಕಡೆ ತಲೆ ತಿರುಗಿಸದೆ ನಡೆದೆ. ಎಲ್ಲರೂ ಹೊಗಳಿದರು. ನಮ್ಮ ಕಡೆ ಒಂದು ರೂಢಿಯಿದೆ, ನಿಮ್ಮ ಮನೆಯಲ್ಲೂ ಇರಬಹುದು. ಊಟದ ಪಂಕ್ತಿಯಲ್ಲಿ ಯಾರಾದರೂ ಶುಗರ್ ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಬಡಿಸುವವನಿಗೆ ಪಾಪ ಅನ್ನಿಸಿಬಿಡುತ್ತದೆ. "ಒಬ್ಬಟ್ಟು ತಿನ್ನಂಗಿಲ್ವಂತೆ, ಇವ್ರಿಗೆ ತುಪ್ಪ ಬುಡ್ಲಾ" ಅಂತ ಕೂಗುತ್ತಾನೆ. ಬೀಗರ ಊಟವಾದರೆ ಮಾಂಸದ ಎರಡು ತುಂಡು ಜಾಸ್ತಿ ಬೀಳುತ್ತದೆ. ಸಿಹಿಯೊಂದು ಬಿಟ್ಟವರಿಗೆ ಉಳಿದಿದ್ದೆಲ್ಲ ಮಾಫಿ.

ಅವ್ವನದೂ ಅದೇ ಲೆಕ್ಕ. "ಸೀ ಬುಡು ಅಂದ್ರೆ ಬುಟ್ಬುಡು ಮಗಾ. ಆದ್ರೆ ಸಕ್ತಿ ಎಲ್ಲಿಂದ ಬರ್ಬೇಕು? ದಿನಾ ನಿಂತ್ಕಂಡು ಮಕ್ಳಿಗೆ ಕೂಗ್ಬೇಕು" ಅಂದಳು. ವಾರಕ್ಕೊಂದು ಬರುತ್ತಿದ್ದ ಡಬ್ಬಿ ದೊಡ್ಡದಾಯಿತು. ಬಿಸಿ ಮುದ್ದೆಗೆ ಗುಳಿ ಮಾಡಿ ತುಪ್ಪ ಹಾಕಿಕೊಂಡು ಉಣ್ಣುತ್ತಿದ್ದೆ. ಆಗಾಗ ಬಸ್‌ಸ್ಟ್ಯಾಂಡ್ ಹತ್ತಿರದ ಲ್ಯಾಬಿನಲ್ಲಿ ಊಟಕ್ಕೆ ಮುಂಚೆ ಒಂದು ಸಲ, ಊಟ ಆದ ಮೇಲೆ ಒಂದು ಸಲ ರಕ್ತ ಕೊಟ್ಟು ಬರುತ್ತಿದ್ದೆ. ಶುಗರ್ ನಾರ್ಮಲ್. ಆ ನಾರ್ಮಲ್ ಅನ್ನುವ ಪದವನ್ನು ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದವಳ ಹಾಗೆ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಓಡಾಡಿದೆ.

ಹಾಸನದ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಕೊಲೆಸ್ಟ್ರಾಲ್ ಯಾವಾಗ ನೋಡಿಸಿದ್ರಿ?"

"ಶುಗರ್ ಕಂಟ್ರೋಲಲ್ಲಿದೆ ಸಾರ್."

"ನಾನು ಕೇಳಿದ್ದು ಅದಲ್ಲಮ್ಮ."

ಒಂದು ಸಲವೂ ನೋಡಿಸಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೊಲೆಸ್ಟ್ರಾಲ್ ಹದ್ದುಬಸ್ತಿನಲ್ಲಿ ಇರಲೇಬೇಕು, ಅದು ಏರಿದರೆ ರಕ್ತನಾಳಕ್ಕೆ ಎರಡು ಕಡೆಯಿಂದ ಪೆಟ್ಟು, ಎದೆನೋವೇ ಗೊತ್ತಾಗದೆ ಹೋಗಬಹುದು ಅಂತ ಅವರು ನಿಧಾನವಾಗಿ ಹೇಳಿದರು. ನನ್ನದು ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಆಂಜಿಯೋಗ್ರಾಂ ಮಾಡಬೇಕು, ಬ್ಲಾಕ್ ಇದ್ದರೆ ಅಲ್ಲೇ ಸ್ಟೆಂಟ್ ಹಾಕಿಬಿಡುತ್ತೇವೆ ಅಂದರು.

ಹೊರಗೆ ಕಬ್ಬಿಣದ ಕುರ್ಚಿಗಳ ಸಾಲು. ಪಕ್ಕದಲ್ಲಿ ಶ್ರವಣಬೆಳಗೊಳದ ಕಡೆಯ ಹೆಂಗಸೊಬ್ಬಳು ಗಂಡನ ಸರದಿ ಕಾಯುತ್ತ ಕೂತಿದ್ದಳು. "ನಿಮ್ಮೆಜಮಾನ್ರಿಗಾ?" ಅಂದಳು. ನನಗೇ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಎಂಗಸ್ರಿಗೂ ಆಯ್ತದಾ ಇದು" ಅಂದಳು. ಆಮೇಲೆ ಅಂದಿದ್ದಕ್ಕೆ ನಾಚಿಕೊಂಡು ತನ್ನ ಚೀಲದಿಂದ ಕಡಲೆಪುರಿ ತೆಗೆದು ನನ್ನ ಕೈಗೆ ಹಾಕಿದಳು. ಪ್ರೊಸೀಜರ್ ಇದೆ, ಏನೂ ತಿನ್ನುವ ಹಾಗಿಲ್ಲ ಅಂದೆ. "ಸುಮ್ನೆ ಕೈಲಿ ಇಟ್ಕಳಿ, ಕೈ ನಡುಗಾದು ನಿಲ್ತದೆ" ಅಂದಳು. ಪುರಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಒಳಗೆ ಕರೆದೊಯ್ಯುವ ಮುಂಚೆ ನರ್ಸ್ ಬಳೆ, ಓಲೆ, ತಾಳಿ ಎಲ್ಲ ಬಿಚ್ಚಿಸಿದರು. ನಮ್ಮನೆಯವರು ಚನ್ನರಾಯಪಟ್ಟಣದವರು, ಮಾತು ಕಮ್ಮಿ. ತಾಳಿಯನ್ನು ಅವರ ಕೈಗೆ ಇಟ್ಟಾಗ ಮುಖ ಆ ಕಡೆ ತಿರುಗಿಸಿಕೊಂಡರು. ಕರ್ಚೀಫಿನಲ್ಲಿ ಕಟ್ಟಿ ಅಂಗಿಯ ಒಳಜೇಬಿಗೆ ಹಾಕಿಕೊಂಡು, ಒಂದು ಕೈಯಲ್ಲಿ ನನ್ನ ಚಪ್ಪಲಿ ಹಿಡಿದು ಬಾಗಿಲ ಹತ್ತಿರ ನಿಂತರು. ಒಳಗೆ ಮಣಿಕಟ್ಟಿನಿಂದ ಸಣ್ಣ ತಂತಿ ತೂರಿಸಿ ಏನೇನೋ ಮಾಡುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದಿದ್ದು ಆ ಚಪ್ಪಲಿ ಹಿಡಿದ ಕೈಯೇ. ಒಂದು ರಕ್ತನಾಳ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿದರು. ಬದುಕಿದೆ.

ವಾರ್ಡಿಗೆ ಜನ ಬಂದರು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರಬಾರದಲ್ಲ. ಸಕ್ಕರೆ ಕಾಯಿಲೆಯವಳ ಮಂಚದ ಕೆಳಗೆ ಬ್ರೆಡ್ಡು, ಬನ್ನು, ಕ್ರೀಮ್ ಬಿಸ್ಕತ್ತು ರಾಶಿ ಬಿತ್ತು. ನಮ್ಮವ್ವ ಊರಿಂದ ಬಂದು ತಲೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಮೂಸಂಬಿ ಬಿಡಿಸುತ್ತಿದ್ದಳು. ನಮ್ಮನೆಯವರ ಸೋದರತ್ತೆ ಕೆಂಪಮ್ಮ ಚನ್ನರಾಯಪಟ್ಟಣದಿಂದ ಬಂದರು. ಒಳ್ಳೆಯವರು, ಬಾಯಿ ಜೋರು.

"ಏನಂತ್ಲಾ ಕಾಯ್ಲೆ?" ಅಂತ ನಮ್ಮನೆಯವರನ್ನು ಕೇಳಿದರು.

"ರಕ್ತನಾಳದಲ್ಲಿ ಕೊಬ್ಬು ಕಟ್ಟಿತ್ತಂತೆ ಅತ್ತೆ."

"ಕಟ್ದೆ ಇನ್ನೇನಾದದು! ವಾರವಾರವೂ ತವರಿಂದ ಬಸ್ಸಲ್ಲಿ ಬತ್ತಿತ್ತಲ್ಲ." ನಗುತ್ತಲೇ ಅವ್ವನ ಕಡೆ ತಿರುಗಿದರು. "ನಿನ್ ತುಪ್ಪನೇ ಕಣಕ್ಕ ನಿನ್ ಮಗಳೆದೇಲಿ ಓಗಿ ಕುಂತಿದ್ದು!"

ಕೇಳಿದವರು ನಕ್ಕರು. ನಾನೂ ನಗಲು ನೋಡಿದೆ. ಅವ್ವನ ಕೈ ಮೂಸಂಬಿಯ ಮೇಲೆ ನಿಂತಿತ್ತು. "ಊಂ ಕಣಕ್ಕ" ಅಂದಳು. ಬಿಡಿಸಿದ ಹಣ್ಣನ್ನು ನನಗೆ ಕೊಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಕೂತಳು.

ಜನವೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದಳು. "ಚಳೀಲಿ ಡಬ್ಬಿ ಒಳ್ಗೆ ಗಟ್ಟಿ ಆಯ್ತದಲ್ಲ ಮಗಾ, ಅಂಗೇ ಕುಂತಿತ್ತಾ?"

"ಅಂಗಲ್ಲವ್ವ. ಅದು ಬ್ಯಾರೆ. ಅತ್ತೆ ತಮಾಷೆಗಂದ್ರು."

"ಊಂ" ಅಂದಳು. ಅವಳ ಊಂ ನನಗೆ ಗೊತ್ತು. ಒಪ್ಪಿದ್ದಲ್ಲ, ಮಾತು ಮುಗಿಸಿದ್ದು.

ಮನೆಗೆ ಬಂದೆ. ದಿನಾ ನುಂಗಬೇಕಾದ ಮಾತ್ರೆಗಳು, ಅದರಲ್ಲಿ ಕೊಲೆಸ್ಟ್ರಾಲಿನದು ಬಿಡದೆ ತೆಗೆದುಕೊಳ್ಳುವುದು. "ರಿಪೋರ್ಟ್ ಚೆನ್ನಾಗಿ ಬಂತು ಅಂತ ನಿಲ್ಲಿಸಬೇಡಿ. ಮಾತ್ರೆ ತಗೊಂಡಿದ್ದಕ್ಕೇ ಚೆನ್ನಾಗಿ ಬಂದಿರುತ್ತೆ" ಅಂದಿದ್ದರು ಡಾಕ್ಟರು. ಇದನ್ನೆಲ್ಲ ಸುಲಭವಾಗಿ ಕಲಿತೆ. ಕಲಿಯಲಾಗದ್ದು ಭಯದ ಜೊತೆ ಇರುವುದನ್ನು. ದವಡೆ ಒಂಚೂರು ಜುಮ್ಮೆಂದರೂ ಸಾಯುತ್ತೇನೆ ಅನ್ನಿಸುತ್ತಿತ್ತು. ಹತ್ತನೇ ಕ್ಲಾಸಿಗೆ ಹೃದಯದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದವಳು ನಾನು. ಆ ವರ್ಷ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತೆ, ಗೀಟು ಎಳೆಯಲು ಆಗಲಿಲ್ಲ. ಪುಸ್ತಕದಲ್ಲಿ ನೋಡಿಕೊಳ್ಳಿ ಅಂದುಬಿಟ್ಟೆ. ನಿಮಗೂ ಹೀಗೆ ಆಗುತ್ತಿದ್ದರೆ ನೀವೊಬ್ಬರೇ ಅಲ್ಲ. ನನಗೆ ತಿಂಗಳುಗಟ್ಟಲೆ ಆಯಿತು. ಆಮೇಲೆ ಕಮ್ಮಿಯಾಯಿತು. ಪೂರ್ತಿ ಹೋಯಿತು ಅಂತ ಸುಳ್ಳು ಹೇಳಲಾರೆ.

ಆ ಹೊತ್ತಿಗೆ ತಮ್ಮ ಫೋನ್ ಮಾಡಿದ. "ಅಕ್ಕ, ಅವ್ವ ಎಮ್ಮೆ ಮಾರಿಸ್ಬುಟ್ಳು ಕಣಕ್ಕ. ಬ್ಯಾಡ ಅಂದ್ರೂ ಕೇಳ್ನಿಲ್ಲ. ಈಗ ತಾನೂ ಸರ್ಯಾಗಿ ಉಣ್ತಿಲ್ಲ."

ಊರಿಗೆ ಹೋದೆ. ಕೊಟ್ಟಿಗೆ ಗುಡಿಸಿ ಸಾರಿಸಿ, ಗೂಟ ಕಿತ್ತು, ಮೂಲೆಯಲ್ಲಿ ಸೌದೆ ಜೋಡಿಸಿದ್ದಳು. ನನಗೆ ಊಟಕ್ಕೆ ಬಡಿಸಿದ್ದು ಒಗ್ಗರಣೆಯೇ ಇಲ್ಲದ ಸಾರು, ಬೇಯಿಸಿದ ಸೊಪ್ಪು, ಸಣ್ಣ ಮುದ್ದೆ. ಹಿಂದೆಲ್ಲ ನಾನು ಉಣ್ಣುವಾಗ ಎದುರು ಕೂತು ಇನ್ನೊಂದು, ಇನ್ನೊಂದು ಅನ್ನುತ್ತಿದ್ದವಳು ಬಾಗಿಲ ಹತ್ತಿರ ನಿಂತಿದ್ದಳು. ತನ್ನ ಕೈಯ ಅಡಿಗೆಗೆ ತಾನೇ ಹೆದರಿದ ಹಾಗೆ.

"ಉಪ್ಪು ಸಾಲ್ದಾ?" ಅಂತ ಕೇಳಿದಳು. ಸಾಲದಾಗಿತ್ತು. ಸರಿಯಿದೆ ಅಂದೆ.

"ಡಾಕ್ಟ್ರು ಒಂದ್ ಚಮ್ಚ ತುಪ್ಪ ತಿನ್ಬೋದು ಅಂದವ್ರೆ ಅವ್ವ."

"ಬ್ಯಾಡ."

"ತುಪ್ಪ ಒಂದ್ರಿಂದ್ಲೇ ಕೊಬ್ಬು ಕಟ್ಟಲ್ಲ ಕಣವ್ವ. ನಮ್ ಮೈಯೇ ಅದನ್ನ ತಯಾರು ಮಾಡ್ತದೆ. ಸಕ್ಕರೆ ಕಾಯ್ಲೆ ಇತ್ತು, ನಾನು ನಡೀತಿರ್ಲಿಲ್ಲ, ಪರೀಕ್ಷೆ ಮಾಡಿಸಿರ್ಲಿಲ್ಲ. ಎಲ್ಲಾ ಸೇರ್ಕಂಡು ಆಗಿದ್ದು."

"ನೀ ಓದ್ದೋಳು. ಅಂಗೇ ಏಳ್ತೀಯ" ಅಂದು ತಟ್ಟೆ ತೆಗೆದುಕೊಂಡು ಹೋದಳು.

ಇದು ನನ್ನನ್ನು ಸ್ಟೆಂಟಿಗಿಂತ ಹೆಚ್ಚು ಕಾಡಿತು. ನಾನು ಉಳಿದಿದ್ದೇನೆ, ಅವ್ವ ಮಾತ್ರ ಮಗಳನ್ನು ತಾನೇ ಕೊಲ್ಲುತ್ತಿದ್ದೆ ಅಂತ ನಂಬಿಕೊಂಡು ದಿನ ತಳ್ಳುತ್ತಿದ್ದಾಳೆ. ಎಪ್ಪತ್ತು ದಾಟಿದ ಜೀವ. ಅದನ್ನು ಅವಳ ತಲೆಯಿಂದ ತೆಗೆಯದೆ ಬಿಡಬಾರದು ಅಂತ ಹಟ ಹಿಡಿದೆ. ವಿಜ್ಞಾನದ ಟೀಚರ್ ಅಲ್ಲವೇ, ಸಾಕ್ಷಿ ಬೇಕು ಅನ್ನಿಸಿತು. ಅವ್ವ ಜನ್ಮದಲ್ಲಿ ತುಪ್ಪ ತಿಂದವಳಲ್ಲ. ಮೊದಲು ಮಾರಿದಳು, ಆಮೇಲೆ ನನಗೆ ಕಳಿಸಿದಳು. ಅವಳ ರಕ್ತದಲ್ಲೂ ಕೊಲೆಸ್ಟ್ರಾಲ್ ಏರಿದ್ದರೆ? ಆಗ ಡಾಕ್ಟರೇ ಹೇಳುತ್ತಾರೆ, ಇದು ತುಪ್ಪದ ಕೆಲಸವಲ್ಲ ಅಂತ.

ನನ್ನ ತಪಾಸಣೆಗೆ ಜೊತೆಗೆ ಬಾ ಅಂತ ಹಾಸನಕ್ಕೆ ಕರೆದುಕೊಂಡು ಹೋಗಿ ಅವಳ ರಕ್ತವನ್ನೂ ಕೊಡಿಸಿದೆ. ನಾನು ಅಂದುಕೊಂಡ ಹಾಗೇ ಆಯಿತು. ಕಡ್ಡಿಯಂತಿದ್ದ ನಮ್ಮವ್ವನದು ನನ್ನಷ್ಟೇ ಏರಿತ್ತು. ನನಗೆ ಖುಷಿಯೋ ಖುಷಿ. ಅವ್ವನಿಗೆ ಕೊಲೆಸ್ಟ್ರಾಲ್ ಇದೆ ಅಂತ ಖುಷಿಪಟ್ಟ ಮಗಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಡಾಕ್ಟರು ನಾನು ಬೇಡಿಕೊಂಡಂತೆ ಅವಳ ಕಡೆ ತಿರುಗಿ ಸಮಾಧಾನವಾಗಿ ಹೇಳಿದರು. "ಅಜ್ಜಿ, ನಿಮ್ಮ ತುಪ್ಪದ್ದೇ ತಪ್ಪು ಅಂತ ಕೊರಗಬೇಡಿ. ನೀವು ತುಪ್ಪ ತಿಂದಿಲ್ಲ, ಆದ್ರೂ ನಿಮಗೂ ಇದೆ ನೋಡಿ. ಕೆಲವು ಮನೆತನದಲ್ಲಿ ಇದು ರಕ್ತದಲ್ಲೇ ಬಂದುಬಿಡುತ್ತೆ."

ಅವ್ವ ಕೈ ಮುಗಿದಳು. ಅವಳಿಗೂ ಒಂದು ಮಾತ್ರೆ ಬರೆದುಕೊಟ್ಟರು.

ಬಸ್‌ಸ್ಟ್ಯಾಂಡಿಗೆ ಬಂದೆವು. ಅರಕಲಗೂಡಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತೆವು. ನಾನು ಗೆದ್ದವಳ ಹಾಗೆ, "ಕೇಳುಸ್ಕಂಡ್ಯಾ? ಈಗ್ಲಾದ್ರೂ ನಂಬ್ತೀಯಾ? ತುಪ್ಪ ಅಲ್ಲ" ಅಂದೆ.

"ಊಂ. ತುಪ್ಪ ಅಲ್ಲ" ಅಂದಳು. "ನಾನೇ."

"ಅವ್ವ..."

"ತುಪ್ಪ ಆಗಿದ್ರೆ ನಿಲ್ಲುಸ್ಬೋದಾಗಿತ್ತು. ನಿಲ್ಲುಸ್ದೆ. ರಕ್ತವ ಎಲ್ಲಿಗ್ ಬುಡಾನ ಮಗಾ?"

ಸುತ್ತ ಜನ, ಬಸ್ಸಿನ ಹಾರನ್ನು, ಕಡಲೆಕಾಯಿ ಮಾರುವವರ ಕೂಗು. ನಾನು ಎಷ್ಟು ಓದಿದ್ದೆನೋ ಅಷ್ಟನ್ನೂ ತಡಕಿದೆ. ಬಸ್ಸು ಬಂತು. ಸೀಟು ಹಿಡಿದು ಕೂರಿಸಿದೆ. ಕಿಟಕಿಯಿಂದ ನನ್ನ ಮುಖವನ್ನು ನೋಡುತ್ತಲೇ ಇದ್ದಳು, ತನ್ನ ರಕ್ತದ ಜೊತೆ ನನಗೆ ಇನ್ನೇನೇನು ಕೊಟ್ಟಿದ್ದಾಳೋ ಅಂತ ಹುಡುಕುವ ಹಾಗೆ.

ಅವಳು ಮಾತ್ರೆ ಮುಟ್ಟಲ್ಲ ಅಂದುಕೊಂಡಿದ್ದೆ. ಜ್ವರ ಬಂದರೂ ಕಷಾಯವೇ, ಮಾತ್ರೆ ಅಂದರೆ ಗಂಟಲಲ್ಲಿ ಇಳಿಯಲ್ಲ ಅನ್ನುತ್ತಿದ್ದವಳು. ಕೆಲವು ದಿನ ಬಿಟ್ಟು ತಾನೇ ತಮ್ಮನ ಕೈಲಿ ಫೋನ್ ಮಾಡಿಸಿದಳು.

"ನಿಂದೂ ನಂದೂ ಒಂದೇ ಮಾತ್ರೆನಾ ಮಗಾ?"

"ಒಂದೇ ಕಣವ್ವ."

"ಅಂಗಾರೆ ನಾ ತಗತೀನಿ. ತೆಂಗಿನ್ ಮರಕ್ಕೆ ರ್‍ವಾಗ ಬಂದ್ರೆ ಬೇರಿಗೆ ಔಸ್ತಿ ಕಟ್ತಾರಲ್ಲ, ಮ್ಯಾಲಿನ್ ಗರಿವರ್ಗೂ ಏರ್ತದೆ. ನಾನು ಬೇರು. ನಂಗ್ ಇಳುದ್ರೆ ನಿಂಗೂ ಇಳೀತದೆ."

ನಾನು ಬಿ.ಎಸ್ಸಿ. ಮಾಡಿದವಳು. ಮಕ್ಕಳು ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುವವಳು. ಅವತ್ತು ಹಾಕಲಿಲ್ಲ. "ಹೌದವ್ವ, ಬಿಡದೆ ತಗೋ" ಅಂದೆ.

ಅವತ್ತಿನಿಂದ ಅವ್ವ ಉಣ್ಣಲು ಶುರುಮಾಡಿದಳು. ದಿನಾ ಸಂಜೆ ಫೋನ್. "ನಂದಾಯ್ತು. ನಿಂದಾಯ್ತಾ?" ಅಷ್ಟೇ ಮಾತು. ಹೊಲದ ಬದುವಿನ ಮೇಲೆ ಬೆಳಿಗ್ಗೆ ನಡೆಯುತ್ತಿದ್ದಳಂತೆ, ನಾನು ಹೊಳೆನರಸೀಪುರದಲ್ಲಿ ನಡೆಯುತ್ತೇನೆ ಅಂತ. "ನಮ್ಮವ್ವ ವಾಕಿಂಗ್ ಓಯ್ತಾಳೆ, ಊರೆಲ್ಲ ನಗ್ತಾದೆ" ಅಂತ ತಮ್ಮ ರೇಗಿಸಿದರೆ, "ನಗ್ಲಿ ಬುಡ್ಲಾ, ನಿನ್ ಅಕ್ಕುಂಗ್ ಇಳೀಬೇಕಲ್ಲ" ಅನ್ನುತ್ತಿದ್ದಳಂತೆ. ಮುಂದಿನ ತಪಾಸಣೆಯಲ್ಲಿ ನನ್ನ ಕೊಲೆಸ್ಟ್ರಾಲ್ ಡಾಕ್ಟರು ಹೇಳಿದ ಮಟ್ಟಕ್ಕೆ ಇಳಿದಿತ್ತು. ಹೇಳಿದೆ. "ನಾ ಒಂದಿನಾನೂ ತಪ್ಸ್ನಿಲ್ಲ ಕಣ್ ಮಗಾ, ಅದ್ಕೇ" ಅಂದಳು. ಆ ದನಿಯಲ್ಲಿದ್ದ ಸಂತೋಷವನ್ನು ನಾನು ಡಿಗ್ರಿ ತಂದು ತೋರಿಸಿದ ದಿನವೂ ಕೇಳಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವ್ವನಿಗೆ ಶ್ವಾಸಕೋಶದಲ್ಲಿ ಕಫ ಕಟ್ಟಿತು. ಹಾಸನದಲ್ಲಿ ಸೇರಿಸಿದೆವು. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಈ ಸಲ ಸ್ಟೂಲಿನ ಮೇಲೆ ಕೂತವಳು ನಾನು. ದಿನ ಕಳೆದಂತೆ ಗಂಜಿಯೂ ಇಳಿಯದಾಯಿತು, ಹನಿ ನೀರು ಹಾಕಿದರೂ ಕೆಮ್ಮು. ಬಾಯಲ್ಲಿ ಏನೂ ಕೊಡಬೇಡಿ, ಎಲ್ಲ ಡ್ರಿಪ್ಪಿನಲ್ಲೇ ಹೋಗುತ್ತದೆ ಅಂದರು ನರ್ಸ್.

ಮಧ್ಯಾಹ್ನ ನಿದ್ದೆಯಿಂದ ಎದ್ದವಳು ಕೈಯಲ್ಲಿ ಹಾಸಿಗೆ ತಡಕಾಡಿದಳು. ಏನವ್ವ ಅಂದೆ.

"ಮಾತ್ರೆ."

"ಬ್ಯಾಡಂದವ್ರೆ ಅವ್ವ. ವಾಸಿ ಆದ್ಮೇಲೆ ತಗಳುವಂತೆ."

"ನಿನ್ನೇನೂ ತಗಂಡಿಲ್ಲ. ನಿಂಗ್ ಏರ್ತದಲ್ಲ."

"ಏರಲ್ಲ ಅವ್ವ."

ತಲೆ ಅಲ್ಲಾಡಿಸಿದಳು. ಉಸಿರಿಗೆ ತಡೆದು ತಡೆದು ಮಾತಾಡಿದಳು. "ಬೇರಿಂದು ಮುಗೀತು ಮಗಾ. ಇನ್ ಮ್ಯಾಲೆ ನಿಂದು ನೀನೇ ನೋಡ್ಕಬೇಕು."

ಹೂಂ ಅಂದೆ.

"ಬಾಯಲ್ಲಿ ಊಂ ಅನ್ಬ್ಯಾಡ. ನನ್ ಮುಂದೆ ತಗ."

ನನ್ನದು ಸಂಜೆ ತೆಗೆದುಕೊಳ್ಳುವ ಮಾತ್ರೆ, ಅದರ ಹೊತ್ತು ಇನ್ನೂ ಆಗಿರಲಿಲ್ಲ. ಬ್ಯಾಗಿನಿಂದ ತೆಗೆದೆ. ನೀರು ಬಾಟಲಿ ತಮ್ಮ ತುಂಬಿಸಿಕೊಂಡು ಬರಲು ಹೋಗಿದ್ದ. ನೀರಿಲ್ಲದೆಯೇ ಬಾಯಿಗೆ ಹಾಕಿಕೊಂಡೆ. ಒಣ ಮಾತ್ರೆ ನಾಲಿಗೆಗೆ ಅಂಟಿಕೊಂಡಿತು. ಅವ್ವ ನನ್ನ ಮುಖ ನೋಡುತ್ತಿರಲಿಲ್ಲ, ಗಂಟಲನ್ನೇ ನೋಡುತ್ತಿದ್ದಳು. ಹೇಗೋ ನುಂಗಿದೆ. ಅದು ಇಳಿದಿದ್ದು ಕಂಡ ಮೇಲೆ ಅವ್ವ ಕಣ್ಣು ಮುಚ್ಚಿಕೊಂಡಳು.